ತಟ್ಟಿ ನೋಡಿದ್ಯಾ?

ಇನ್ನೂ ಹತ್ತಿರ ಬನ್ನಿ. ದನಿ ತಗ್ಗಿಸಿ. ನಿಮ್ಮಪ್ಪ ಈಗಷ್ಟೇ ನಿಮ್ಮ ಹಣೆ ತಟ್ಟಿ ಹೋಗಿದ್ದಾನೆ, ಇನ್ನೂ ಅವನಿಗೆ ನಿದ್ದೆ ಹತ್ತಿರಲ್ಲ. ನಾನು ಇದನ್ನ ಹೇಳ್ತಿದ್ದೀನಿ ಅಂತ ಗೊತ್ತಾದರೆ ಎದ್ದು ಬಂದು ನನ್ನನ್ನೇ ಗದರ್ತಾನೆ.

ಕತೆ ಅಲ್ಲ ಇದು... ನಡೆದದ್ದು. ನನ್ನ ದೊಡ್ಡಮ್ಮನ ಮಗಳಿದ್ದಳಲ್ಲ, ಅವಳ ಮನೆಯಲ್ಲಿ. ನಾನು ಅವಳನ್ನ ಅಕ್ಕ ಅಂತಲೇ ಕರೆಯೋದು. ಆ ವಾರವೆಲ್ಲ ನಾನೂ ಅದೇ ಸೂರಿನಡಿ ಮಲಗಿದ್ದೆ. ನನ್ನ ಕಿವಿಯಾರೆ ಕೇಳಿದ್ದು.

ಒಂದು ಸೋಮವಾರ ರಾತ್ರಿ ಭಾವ, ಅಂದರೆ ಅಕ್ಕನ ಗಂಡ, ಗುಂಡಿನ ಬಯಲಿಂದ ಒಬ್ಬರೇ ನಡಕೊಂಡು ಬರ್ತಿದ್ದರು. ಹೊತ್ತು ಮೀರಿತ್ತು. ಹೆಗಲ ಮೇಲೆ ಗೋಣಿಚೀಲ. ಚೀಲದೊಳಗೆ ಹಿತ್ತಾಳೆ. ಹೆಜ್ಜೆ ಇಟ್ಟಾಗೆಲ್ಲ ಕಿಣಿ... ಕಿಣಿ... ಕಿಣಿ.

ಗುಂಡಿನ ಬಯಲು ಅಂದರೆ ಹಿಂದೆ ಸಿಪಾಯಿಗಳು ಗುರಿ ಹೊಡೆಯೋದು ಕಲಿತಿದ್ದ ಜಾಗ. ಅವರು ಬಿಟ್ಟು ಹೋಗಿ ಮೂವತ್ತು ವರ್ಷ ಆಗಿತ್ತು. ಒಂದು ಒಳ್ಳೆ ಮಳೆ ಬಿದ್ದು ಮಣ್ಣು ಕೊಚ್ಚಿಕೊಂಡು ಹೋಯಿತು ಅಂದರೆ ಖಾಲಿ ತೋಟೆಗಳು ಮೇಲಕ್ಕೆ ಬರೋವು. ತೋಟೆ ಗೊತ್ತಲ್ಲ? ಗುಂಡು ಹಾರಿ ಹೋದ ಮೇಲೆ ಹಿಂದೆ ಉಳಿಯೋ ಹಿತ್ತಾಳೆ ಕೊಳವೆ. ಬಂದೂಕಿನದಾದರೆ ಬೆರಳುದ್ದ. ಫಿರಂಗಿದಾದರೆ ಮೊಳದುದ್ದ, ಚೊಂಬಿನ ಬಾಯಿಯಷ್ಟು ದಪ್ಪ. ಊರಿನವರು ಸಿಕ್ಕಿದ್ದನ್ನ ಗುಜರಿಗೆ ಹಾಕೋರು. ನಮ್ಮ ಭಾವ ಮಾತ್ರ ಕೂಡಿಡೋರು.

ಬಯಲು ಮುಗಿಯೋ ಕಡೆ ಒಂದು ಹಳೇ ಬಾವಿ. ನೀರು ಸೇದೋರಿಲ್ಲ. ರಾಟೆಗೆ ಹಗ್ಗ ಇಲ್ಲ. ಆದರೂ ಆವತ್ತು ರಾಟೆ ಕುಯ್ಞ್... ಅಂತ ಅರ್ಧ ಸುತ್ತು ತಿರುಗಿತಂತೆ. ಗಾಳಿ ಇರಲಿಲ್ಲ.

"ತಟ್ಟಿ ನೋಡಿದ್ಯಾ?"

ಪಿಸುಮಾತು. ಭಾವ ನಿಂತರು. ಟಾರ್ಚ್ ಹಾಕಿದರು. ಬಾವಿಕಟ್ಟೆ ಮೇಲೆ ಒಬ್ಬ ಮುದುಕ. ತೆಳ್ಳಗೆ. ಬರಿಗಾಲು. ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ತಾರಲ್ಲ, ಹಾಗೆ ಕಿವಿಯ ಸಂದಿಯಲ್ಲಿ ಒಂದು ಸೀಮೆಸುಣ್ಣದ ತುಂಡು.

"ಏನನ್ನ ತಾತ?"

"ಚೀಲದಲ್ಲಿರೋದನ್ನ. ಒಂದೊಂದಾಗಿ... ತಟ್ಟಿ ನೋಡಿದ್ಯಾ?"

ಭಾವನಿಗೆ ನಗು ಬಂತು. "ತಟ್ಟೋದ್ಯಾಕೆ ತಾತ? ತಳದಲ್ಲಿ ಅಕ್ಷರ ಇರುತ್ತೆ. ನಾನು ಓದಿ ಹೇಳ್ತೀನಿ."

ಮುದುಕ ಕಿವಿಯ ಸೀಮೆಸುಣ್ಣ ಮುಟ್ಟಿ ನೋಡಿಕೊಂಡ. ಆಮೇಲೆ ಅಂದನಂತೆ... "ಅವನೂ ಹಾಗೇ ಅಂದಿದ್ದ."

"ಯಾವನು?"

ಯಾವನೋ ಕುಡುಕ ಅಂದುಕೊಂಡು ಭಾವ ಹೊರಟರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಟಾರ್ಚ್ ಬಿಟ್ಟರೆ... ಕಟ್ಟೆ ಖಾಲಿ. ಅಕ್ಕಪಕ್ಕ ಮರೆಯಾಗೋಕೆ ಒಂದು ಪೊದೆಯೂ ಇಲ್ಲ. ಬಯಲು ಅಂದರೆ ಬಯಲು.

ಮನೆಗೆ ಬಂದು ಇದನ್ನೆಲ್ಲ ನಗ್ತಾ ಹೇಳಿದರು. ಅಕ್ಕ ನಗಲಿಲ್ಲ. "ಊರಲ್ಲಿ ಬೇರೆಯವರ ಗಂಡಂದಿರು ಸಂಜೆ ತರಕಾರಿ ತರ್ತಾರೆ. ನಮ್ಮನೆಯವರು ಯುದ್ಧ ತರ್ತಾರೆ" ಅಂದಳು.

ಭಾವನ ಬಗ್ಗೆ ಹೇಳಿಬಿಡ್ತೀನಿ. ಗಡಿಯಾರ ರಿಪೇರಿ ಅವರ ಕೆಲಸ. ಒಂದು ಕಣ್ಣಿಗೆ ಸದಾ ಸಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡಿರೋರು. ಅದಕ್ಕೇ ಬೀದಿಯಲ್ಲೆಲ್ಲ ಅವರಿಗೆ ಭೂತಗನ್ನಡಿ ಅಂತಲೇ ಹೆಸರು. ಊಟಕ್ಕೆ ಕೂತಾಗಲೂ ತೆಗೆಯೋದು ಮರೆತು ಅನ್ನದಲ್ಲಿ ಕಲ್ಲು ಹುಡುಕೋರು, ಅಕ್ಕನಿಗೆ ಮೈ ಉರಿಯೋದು. ಗಡಿಯಾರದ ಕೆಲಸ ಮುಗೀತು ಅಂದರೆ ಅದೇ ಗಾಜಿನಲ್ಲಿ ತೋಟೆಗಳ ತಳ ಓದೋಕೆ ಶುರು. ತಳದ ಸುತ್ತ ಸಣ್ಣ ಸಣ್ಣ ಅಕ್ಷರ, ಅಂಕೆ ಕೊರೆದಿರ್ತಾರಂತೆ. ಯಾವ ಕಾರ್ಖಾನೆ, ಯಾವ ವರ್ಷ, ಯಾವ ಬಂದೂಕು... ಎಲ್ಲಾ ಅದರಲ್ಲೇ. ನಟ್ಟನಡುವೆ ಒಂದು ಗುಂಡಗಿನ ಬಿಲ್ಲೆ. ಬಂದೂಕಿನ ಮುಳ್ಳು ಅದಕ್ಕೆ ಬಡಿದರೆ ಅಲ್ಲಿ ಒಂದು ಕುಳಿ ಬೀಳುತ್ತೆ. "ಕುಳಿ ಬಿದ್ದಿದೆ ಅಂದರೆ ಗುಂಡು ಹಾರಿದೆ. ಖಾಲಿ" ಅನ್ನೋರು ಭಾವ. ಅವರ ಲೆಕ್ಕಾಚಾರವೆಲ್ಲ ಅಷ್ಟೇ. ಕಣ್ಣು ಹೇಳಿದ್ದೇ ಸತ್ಯ.

ನಡುಕೋಣೆಯ ಗೋಡೆಗೆ ಉದ್ದಕ್ಕೆ ಒಂದು ಹಲಗೆ ಹೊಡೆದು, ಅದರ ಮೇಲೆ ನಲವತ್ತೆರಡು ತೋಟೆ, ಬಾಯಿ ಮೇಲೆ ಮಾಡಿ ಸಾಲಾಗಿ ನಿಲ್ಲಿಸಿದ್ದರು. ಪ್ರತಿಯೊಂದರ ಕೆಳಗೂ ಚೀಟಿ. ಯಾರೂ ಮುಟ್ಟಬಾರದು, ಉಜ್ಜಬಾರದು. ಹೊಳಪು ಬಂದರೆ ಅದರ ವಯಸ್ಸು ಹೋಗುತ್ತಂತೆ. ಒಂದು ಸಲ ಪಾಪ ಅಕ್ಕ, ಕಿಲುಬು ಹಿಡಿದಿದೆ ಅಂತ ಒಂದನ್ನ ಬೂದಿ ಹಾಕಿ ಫಳಫಳ ತಿಕ್ಕಿಟ್ಟಳು. ಭಾವ ಎರಡು ದಿನ ಮಾತಾಡಲಿಲ್ಲ. ಮನೆಯಲ್ಲಿ ಯಾರೋ ಹೋಗಿಬಿಟ್ಟ ಹಾಗೆ ಕೂತಿದ್ದರು.

ಆ ಮನೆಯಲ್ಲಿ ನಾಲ್ಕು ಜನ. ಭಾವ, ಅಕ್ಕ, ನಾಲ್ಕು ವರ್ಷದ ಅವರ ಮಗಳು ಪುಟ್ಟಿ, ಭಾವನ ತಾಯಿ. ಅವರನ್ನ ನಾನೂ ಅತ್ತೆ ಅಂತಲೇ ಕರೀತಿದ್ದೆ. ಅತ್ತೆಗೆ ಕಿವಿ ಪೂರಾ ಕೇಳಿಸ್ತಿರಲಿಲ್ಲ. ಆ ಮನೆಯಲ್ಲಿ ಗುಟ್ಟು ಅನ್ನೋದೇ ಇರಲಿಲ್ಲ, ಅತ್ತೆಗೆ ಒಂದು ಮಾತು ಹೇಳಿದರೆ ಬೀದಿಗೆಲ್ಲ ಡಂಗುರ. ಐದನೆಯವಳು ನಾನು. ನಿಮ್ಮ ತಾತ ಆಗ ಲಾರಿ ಓಡಿಸ್ತಿದ್ದರು. ಹೋದರೆ ಹತ್ತು ದಿನ, ಹದಿನೈದು ದಿನ. ಅವರು ಹೋದಾಗೆಲ್ಲ ಅಕ್ಕನ ಮನೆಯಲ್ಲೇ ನನ್ನ ಹಾಸಿಗೆ. ಮದುವೆಯಾಗಿ ಏಳು ವರ್ಷ ಆಗಿತ್ತು ನನಗೆ. ಮಕ್ಕಳಿರಲಿಲ್ಲ. ಕೇಳೋರು ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದರು.

ಆ ಸೋಮವಾರ ಚೀಲದಲ್ಲಿ ಬಂದದ್ದು ಹತ್ತಾರು ಸಣ್ಣವು, ಒಂದು ದೊಡ್ಡದು. ಮೊಳದುದ್ದ, ದಪ್ಪ. ಬಾಯಿಗೆ ಮಣ್ಣು ಗಟ್ಟಿಯಾಗಿ ಮೆತ್ತಿತ್ತು. ತಳದ ಅಕ್ಷರ ಅರ್ಧ ಕಿಲುಬು ತಿಂದಿತ್ತು. ಭಾವ ಗಾಜು ಇಟ್ಟು ನೋಡಿದರು. "ನೋಡು ನಾದಿನಿ, ಕುಳಿ ಬಿದ್ದಿದೆ. ಹಾರಿ ಹೋದದ್ದೇ. ಇಂಥದ್ದು ಈ ಸೀಮೆಯಲ್ಲೇ ಯಾರ ಹತ್ತಿರವೂ ಇಲ್ಲ!" ಮಗು ಹುಟ್ಟಿದ ಹಾಗೆ ಸಂಭ್ರಮ. ಸಣ್ಣವೆಲ್ಲ ಆಗಲೇ ಇದ್ದಂಥವೇ ಅಂತ ಅಂಗಡಿಗೆ ಒಯ್ಯೋಕೆ ತೆಗೆದಿಟ್ಟು, ಇದೊಂದನ್ನ ಹಲಗೆಯ ತುದಿಯಲ್ಲಿ ನಲವತ್ತಮೂರನೆಯದಾಗಿ ನಿಲ್ಲಿಸಿದರು.

ದೀಪ ಆರಿಸಿದೆವು. ಭಾವ, ಅಕ್ಕ ಒಳಕೋಣೆಯಲ್ಲಿ. ನಾನು, ಪುಟ್ಟಿ, ಅತ್ತೆ ನಡುಕೋಣೆಯಲ್ಲಿ. ಅತ್ತೆ ಮಂಚದ ಮೇಲೆ, ನಾವಿಬ್ಬರು ನೆಲಕ್ಕೆ.

ಎಷ್ಟು ಹೊತ್ತಾಗಿತ್ತೋ...

ಣಿಂಗ್.

ಉಗುರಲ್ಲಿ ಹಿತ್ತಾಳೆ ತಟ್ಟಿದ ಹಾಗೆ. ಕಣ್ಣು ಬಿಟ್ಟೆ. ಕತ್ತಲು.

ಣಿಂಗ್... ಣಿಂಗ್... ಟಿಣ್... ಟಿಣ್... ಣಿಂಗ್...

ಹಲಗೆಯ ಈ ತುದಿಯಿಂದ ಆ ತುದಿಗೆ. ದೊಡ್ಡದಕ್ಕೆ ಣಿಂಗ್, ಸಣ್ಣದಕ್ಕೆ ಟಿಣ್. ಆತುರ ಇಲ್ಲ. ಒಂದನ್ನ ತಟ್ಟೋದು, ದನಿ ಪೂರಾ ಆರೋವರೆಗೆ ಕಾಯೋದು, ಆಮೇಲೆ ಮುಂದಿನದು. ಪುಟ್ಟಿಯನ್ನ ಹೊದಿಕೆಯೊಳಗೆ ಎಳಕೊಂಡೆ. ತುದಿಗೆ ಬಂತು...

ಟಪ್.

ಅದರ ಹಿಂದೆಯೇ ಒಂದು ಸಣ್ಣ ಸದ್ದು... ಸ್ಸ್‌ಸ್. ಹಾವು ಅಲ್ಲ. ಉಸಿರೂ ಅಲ್ಲ. ಎಲ್ಲೋ ಕೇಳಿದ ಸದ್ದು, ಏನು ಅಂತ ನೆನಪಾಗಲೊಲ್ಲದು.

ಮತ್ತೆ... ಟಪ್... ಸ್ಸ್‌ಸ್. ಮೂರು ಸಲ. ಅಷ್ಟೇ. ಆಮೇಲೆ ಬೆಳಗಿನ ತನಕ ನಾನು ಕಣ್ಣು ಮುಚ್ಚಲಿಲ್ಲ.

ಬೆಳಿಗ್ಗೆ ಹೇಳಿದೆ. "ಇಲಿ" ಅಂದರು ಭಾವ.

"ಇಲಿ ಸಾಲು ಹಿಡಿದು ತಟ್ಟುತ್ತಾ ಭಾವ?"

"ನಿನ್ನ ಗಂಡ ಊರಲ್ಲಿಲ್ಲ ನೋಡು, ಅದಕ್ಕೆ ನಿದ್ದೆ ಬರಲ್ಲ ನಿನಗೆ."

ಅಷ್ಟರಲ್ಲಿ ಅತ್ತೆ ಮಂಚದಿಂದಲೇ ಕೂಗಿದರು. "ಲೋ! ರಾತ್ರಿಯೆಲ್ಲ ಅದೇನೋ ತಟ್ಟಿದ್ದು? ಗೋಡೆಯಿಂದ ಮಂಚಕ್ಕೆ, ಮಂಚದಿಂದ ನನ್ನ ಬೆನ್ನಿಗೆ ಬರ್ತಿತ್ತು!"

ಕಿವಿ ಕೇಳದವರು! ಭಾವ ಅಂಗಿ ಸಿಕ್ಕಿಸಿಕೊಂಡು ಅಂಗಡಿಗೆ ಹೋದರು.

ಮಂಗಳವಾರ ರಾತ್ರಿಯೂ ಅದೇ. ಈ ಸಲ ಅಕ್ಕನೂ ಕೇಳಿದಳು. ಭಾವ ಎದ್ದು ದೀಪ ಹಾಕಿದರು. ಹಾಕಿದ ತಕ್ಷಣ ನಿಂತಿತು. ಆರಿಸಿದರೆ... ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರೀತು. ಬೆಳಿಗ್ಗೆ ನೋಡ್ತೀವಿ, ಪ್ರತಿ ತೋಟೆಯ ಮೈಮೇಲೂ ಸೀಮೆಸುಣ್ಣದ ಒಂದು ಗೀಟು. ಉದ್ದಕ್ಕೆ, ನೇರವಾಗಿ. ಕೊನೆಯದರ ಮೇಲೆ ಮಾತ್ರ ಗೀಟಲ್ಲ, ಸೊನ್ನೆ.

"ಯಾರು ಗೀಚಿದ್ದು ಇದನ್ನ?" ಭಾವನಿಗೆ ರೇಗಿಹೋಯಿತು. ನನ್ನ ಕಡೆ ನೋಡಿದರು.

"ನನಗೆ ಬರೆಯೋಕೆ ಬರುತ್ತಾ ಭಾವ? ಹೆಬ್ಬೆಟ್ಟಿನವಳು ನಾನು."

"ಗೀಟು ಎಳೆಯೋಕೆ ಓದು ಬೇಕಾ?"

"ನಿಮ್ಮ ತೋಟೆ ಮುಟ್ಟೋಕೆ ಧೈರ್ಯ ಬೇಕು" ಅಂದಳು ಅಕ್ಕ.

ಆ ವಾರ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಅಕ್ಕ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದಳು. ಭಾವ ಯಾರದೋ ಗಡಿಯಾರದ ಮುಳ್ಳು ಇನ್ಯಾರದಕ್ಕೋ ಕೂರಿಸಿ ಬೈಸಿಕೊಂಡರು. ನಾನು ಕೂತಲ್ಲಿ ಕೂರ್ತಿರಲಿಲ್ಲ, ನಿಂತಲ್ಲಿ ನಿಲ್ತಿರಲಿಲ್ಲ. ಕತ್ತಲಾಗ್ತಾ ಬಂದ ಹಾಗೆ ಎಲ್ಲರೂ ಹಲಗೆಯ ಕಡೆ ಬೆನ್ನು ಮಾಡಿ ಕೂರೋರು. ಪುಟ್ಟಿ ಮಾತ್ರ ಆರಾಮ. ಗೊಂಬೆಯ ತಲೆ ತಟ್ಟಿ ಕಿವಿ ಇಟ್ಟು ಕೇಳೋಳು.

ಸೀಮೆಸುಣ್ಣ ಅಂದ ಕೂಡಲೇ ಅತ್ತೆ ಒಂದು ವಿಷಯ ತೆಗೆದರು. ಅವರ ಗಂಡ ಹಿಂದೆ ಆ ಬಯಲಿಂದ ಹಿತ್ತಾಳೆ ಸಾಗಿಸೋ ಗಾಡಿ ಹೊಡೀತಿದ್ದರಂತೆ.

"ಅಲ್ಲಿ ಗೇಟಲ್ಲಿ ಒಬ್ಬ ಕೂತಿರ್ತಿದ್ದ. ತಟ್ಟುವವನು ಅಂತಲೇ ಎಲ್ಲರೂ ಕರಿಯೋರು. ತೋಟೆಗಳನ್ನ ಕರಗಿಸೋಕೆ ಕುಲುಮೆಗೆ ಕಳಿಸೋ ಮುಂಚೆ ಒಂದೊಂದನ್ನೂ ಬೆರಳಲ್ಲಿ ತಟ್ಟಿ ಕೇಳೋನು. ಖಾಲಿ ಇದ್ದರೆ ಗೀಟು. ಒಳಗೆ ಮದ್ದು ಉಳಿದಿದ್ದರೆ ಸೊನ್ನೆ. ಜೀವ ಇದೆ ಅಂತ. ಗಾಡಿ ಹೊರಡೋವಾಗ ಎಷ್ಟು ಗೀಟು, ಎಷ್ಟು ಸೊನ್ನೆ ಅಂತ ಗೇಟಿನ ಹಿಂದೆ ಅಷ್ಟನ್ನೂ ಎಳೆಯೋನು. ಅಕ್ಷರ ಬರದವನು, ಆದರೆ ಒಂದು ದಿನವೂ ತಪ್ಪಲಿಲ್ಲ."

"ಆಮೇಲೆ?" ನಾನು ಕಿವಿಯ ಹತ್ತಿರ ಕೂಗಿದೆ.

"ಆಮೇಲೆ ಓದಿದವನೊಬ್ಬ ಬಂದ. ತಟ್ಟೋದೇನು, ನಾನು ತಳ ಓದಿ ಹೇಳ್ತೀನಿ ಅಂದ. ಇವನನ್ನ ಮನೆಗೆ ಕಳಿಸಿದರು. ಎಂಟನೇ ದಿನ ಕುಲುಮೆ ಸಿಡಿದು ಹಾರಿತು. ಏಳು ಜನ... ನಮ್ಮನೆಯವರು ಕಾಲು ಉಳುಕಿ ಮನೆಯಲ್ಲಿದ್ದರು, ಉಳಕೊಂಡರು."

ಅತ್ತೆ ಅವತ್ತು ಮೊದಲ ಸಲ ದನಿ ತಗ್ಗಿಸಿ ಮಾತಾಡಿದರು.

"ಅವನಿಗೆ ಆಮೇಲೆ ನಿದ್ದೆ ಹತ್ತಲಿಲ್ಲ ಕಣೇ. ರಾತ್ರಿ ಹೊತ್ತು ಊರೆಲ್ಲ ತಿರುಗೋನು. ಜಗಲಿ ಮೇಲಿನ ಮಡಕೆ, ಕೊಡ, ಡಬ್ಬ... ಎಲ್ಲಾ ತಟ್ಟೋನು. ಒಂದು ಬೆಳಿಗ್ಗೆ ಅವನ ಚಪ್ಪಲಿ ಬಾವಿಕಟ್ಟೆ ಮೇಲಿತ್ತು."

ಭಾವ ಪುಸ್ತಕದಿಂದ ತಲೆ ಎತ್ತಲಿಲ್ಲ. ಆದರೆ ಪುಟ ತಿರುವೋ ಕೈ ನಿಂತಿತ್ತು. ಬಾವಿ ಹತ್ತಿರ ಕೇಳಿದ ಆ ಮಾತು ಅವರಿಗೂ ನೆನಪಾಗಿರಬೇಕು. ಒಪ್ಪಿಕೊಳ್ಳೋ ಜಾತಿ ಅಲ್ಲ ಅವರು. "ಅಮ್ಮ, ಅದೆಲ್ಲ ಹಳೇ ಕಾಲ. ಕುಳಿ ಬಿದ್ದಿದೆ. ನಾನೇ ನೋಡಿದ್ದೀನಿ."

ಬುಧವಾರ ಆ ದೊಡ್ಡ ತೋಟೆಯನ್ನ ಹಿತ್ತಲಲ್ಲಿ ಬಕೆಟ್ ನೀರಿಗೆ ಮುಳುಗಿಸಿಟ್ಟರು, ಬಾಯಿಯ ಮಣ್ಣು ನೆನೆಯಲಿ ಅಂತ. ಸದ್ಯ ಒಳಗಿಂದ ಹೋಯಿತಲ್ಲ ಅಂದುಕೊಂಡೆ ನಾನು.

ಆ ರಾತ್ರಿ ಣಿಂಗ್, ಟಿಣ್ ಅಂತ ನಲವತ್ತೆರಡೂ ಮುಗೀತು. ತುದಿಗೆ ಬಂದು ನಿಂತಿತು. ನಾನು ಉಸಿರು ಹಿಡಿದಿದ್ದೆ... ಆಮೇಲೆ ನೆಲದ ಮೇಲೆ ಬರಿಗಾಲು. ಪತ್... ಪತ್... ಪತ್. ನನ್ನ ತಲೆಯ ಪಕ್ಕದಲ್ಲೇ. ಹಿತ್ತಲ ಬಾಗಿಲ ಚಿಲಕ ಸದ್ದು ಮಾಡಲಿಲ್ಲ. ಆದರೂ ಹೊರಗೆ ನೀರು ಬುಳಕ್ ಅಂದಿತು. ಆಮೇಲೆ ನೀರಿನೊಳಗಿಂದ, ದೂರದಿಂದ ಬಂದ ಹಾಗೆ... ಟಪ್. ಟಪ್. ಟಪ್.

ಗುರುವಾರ ಹಾಗೇ. ಶುಕ್ರವಾರ ಹಾಗೇ. ಮೂರು ದಿನ ನೀರಲ್ಲಿದ್ದರೂ ಆ ಸೊನ್ನೆ ಅಳಿಸಲಿಲ್ಲ. ಮಣ್ಣೂ ಬಿಡಲಿಲ್ಲ.

"ಇನ್ನು ಕೆಂಡವೇ ಗತಿ" ಅಂದರು ಭಾವ. ಹಾಗೆ ಮಾಡೋದು ಅವರ ಪದ್ಧತಿ. ಮಣ್ಣು ಕಚ್ಚಿದ ತೋಟೆಯನ್ನ ಮೊಳೆಯಲ್ಲಿ ಕೆದಕಿದರೆ ಒಳಗೆ ಗೀರು ಬೀಳುತ್ತೆ ಅಂತ, ಇದ್ದಿಲ ಒಲೆಯ ಮೇಲೆ ಅಡ್ಡ ಮಲಗಿಸಿ ಕಾಯಿಸೋರು. ಮಣ್ಣು ಒಣಗಿ ಕುಗ್ಗಿ ಒಂದೇ ಗಟ್ಟಿಯಾಗಿ ಜಾರಿ ಬೀಳೋದು. ಎಷ್ಟೋ ಸಲ ಮಾಡಿದ್ದರು. ಪುಟ್ಟಿಗೆ ಅದೇ ಆಟ. ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಲೆಗೆ ಮೂತಿ ತಾಗೋ ಹಾಗೆ ಬಗ್ಗಿ, ಬೀಸಣಿಗೆಯಲ್ಲಿ ಗಾಳಿ ಹಾಕೋಳು. ಭಾನುವಾರ ಅಂಗಡಿಗೆ ರಜ. ಭಾನುವಾರ ಬೆಳಿಗ್ಗೆ ಅಂತ ನಿಶ್ಚಯ ಆಯಿತು.

ಶನಿವಾರ ಸಂಜೆ ನಾನು ಧೈರ್ಯ ಮಾಡಿದೆ. "ಭಾವ, ಬೇಡ. ಅದರ ಸದ್ದು ಬೇರೆ. ಸಂತೆಯಲ್ಲಿ ನಾನು ಮಡಕೆ ತಗೊಳ್ಳೋದೇ ತಟ್ಟಿ ಕೇಳಿ. ಉಳಿದವೆಲ್ಲ ಣಿಂಗ್ ಅಂದರೆ ಅದೊಂದು ಟಪ್ ಅನ್ನುತ್ತೆ."

ಭಾವ ಗಾಜು ತೆಗೆದು ನನ್ನನ್ನ ನೋಡಿದರು. ಮುನಿಸಿಲ್ಲದೆ ಅಂದರು, "ನಾದಿನಿ, ಅದರ ಬಾಯಿಗೆ ಮಣ್ಣು ತುಂಬಿದೆ. ಮಣ್ಣು ತುಂಬಿದ್ದು ಟಪ್ ಅನ್ನದೆ ಇನ್ನೇನು ಅನ್ನುತ್ತೆ ಹೇಳು?"

ಸರಿಯಾದ ಮಾತೇ ಅಲ್ಲವೇ? ಪಾತ್ರೆ ತೊಳೆಯೋಕೆ ಎದ್ದೆ.

ಶನಿವಾರ ರಾತ್ರಿ ಯಾರೂ ಬರಲಿಲ್ಲ.

ಒಂದು ಣಿಂಗ್ ಇಲ್ಲ. ಹೆಜ್ಜೆ ಇಲ್ಲ. ನೀರು ಅಲುಗಲಿಲ್ಲ. ಆ ವಾರದಲ್ಲಿ ನನಗೆ ಅತಿ ಹೆಚ್ಚು ಹೆದರಿಕೆಯಾದದ್ದು ಆ ರಾತ್ರಿ. ಐದು ಸಲ ಹೇಳಿ ಆರನೆಯ ಸಲ ಕೈ ಚೆಲ್ಲಿ ಕೂತವರ ಮೌನ ಇರುತ್ತಲ್ಲ... ಹಾಗಿತ್ತು.

"ನೋಡಿದಿರಾ? ಇಲಿ ಹೋಯಿತು" ಅಂತ ಭಾವ ಬೆಳಿಗ್ಗೆ ಗೆಲುವಾಗಿ ಎದ್ದರು. ಹಿತ್ತಲಲ್ಲಿ ಇದ್ದಿಲು ಹೊತ್ತಿಸಿದರು. ಪುಟ್ಟಿ ಬೀಸಣಿಗೆ ಹಿಡಿದು ಕೂತೇ ಬಿಟ್ಟಳು. ಚಟ್... ಚಟ್... ಅಂತ ಇದ್ದಿಲು ಕಿಡಿ ಬಿಡ್ತಿತ್ತು. ಅಕ್ಕ ಒಳಗಿಂದ "ರೀ, ಮಗು ಹತ್ತಿರ ಹೋಗದ ಹಾಗೆ ನೋಡ್ಕೊಳ್ಳಿ" ಅಂದಳು. ಕೆಂಡ ನಿಗಿನಿಗಿ ಆಯಿತು.

"ನಾದಿನಿ, ಆ ಬಕೆಟ್‌ನಿಂದ ತೋಟೆ ತೆಗೆದು ಕೊಡಮ್ಮ" ಅಂದರು.

ತಣ್ಣಗಿನ ನೀರಿಗೆ ಕೈ ಹಾಕಿದೆ. ಎತ್ತಿದೆ. ನೀರು ಸೋರಲಿ ಅಂತ ಓರೆ ಮಾಡಿದೆ...

ಸ್ಸ್‌ಸ್.

ಕೈಯಲ್ಲೇ. ನನ್ನ ಕೈಯಲ್ಲೇ ಆ ಸದ್ದು. ಇನ್ನೊಂದು ಕಡೆಗೆ ಓರೆ ಮಾಡಿದೆ. ಸ್ಸ್‌ಸ್... ಅಂತ ಈ ತುದಿಯಿಂದ ಆ ತುದಿಗೆ ಏನೋ ಹರಿದು ಹೋಯಿತು. ಆಗ ನೆನಪಾಯಿತು ನೋಡಿ, ಎಲ್ಲಿ ಕೇಳಿದ ಸದ್ದು ಅಂತ. ಅಡುಗೆಮನೆಯಲ್ಲಿ! ಅರ್ಧ ಖಾಲಿಯಾದ ಸಾಸಿವೆ ಡಬ್ಬ ಓರೆ ಮಾಡಿದಾಗ ಬರುತ್ತಲ್ಲ... ಅದೇ.

"ಭಾವ" ಅಂದೆ. ಅವರು ಕೆಂಡ ಸರಿ ಮಾಡ್ತಿದ್ದರು. ಮತ್ತೆ ಅಂದೆ. "ಭಾವ, ನಾಲ್ಕು ದಿನ ನೀರಲ್ಲಿ ನೆನೆದ ಮಣ್ಣು ಒಳಗೆ ಸಾಸಿವೆ ಹಾಗೆ ಹರಿಯುತ್ತಾ?"

"ಕೊಡಮ್ಮ ಇಲ್ಲಿ, ಕೆಂಡ ಆರಿಹೋಗುತ್ತೆ."

"ಕೊಡಲ್ಲ."

"ಏನು?"

"ಮೊದಲು ಕಣ್ಣಿಂದ ಆ ಗಾಜು ತೆಗೀರಿ. ಕಣ್ಣು ಮುಚ್ಚಿ. ಗಡಿಯಾರದ ಹೊಟ್ಟೆ ಕೇಳ್ತೀರಲ್ಲ, ಹಾಗೆ ಕೇಳಿ. ಆಮೇಲೂ ಸುಡಬೇಕು ಅನ್ನಿಸಿದರೆ ನಾನು ಅಡ್ಡ ಬರಲ್ಲ."

ಅವರಿಗೆ ನಾನು ಹಾಗೆ ಎದುರು ಮಾತಾಡಿದ್ದು ಅದೇ ಮೊದಲು, ಅದೇ ಕೊನೆ. ಏನನ್ನಿಸಿತೋ, ಗಾಜು ತೆಗೆದರು. ಕಣ್ಣು ಮುಚ್ಚಿದರು. ತೋಟೆಯನ್ನ ಅವರ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಓರೆ ಮಾಡಿದೆ.

ಸ್ಸ್‌ಸ್.

ಭಾವನ ಮುಖದ ರಕ್ತ ಇಳಿದದ್ದನ್ನ ನಾನು ಕಣ್ಣಾರೆ ಕಂಡೆ. ಕಣ್ಣು ಬಿಟ್ಟು ಮೊದಲು ನೋಡಿದ್ದು ತೋಟೆಯನ್ನಲ್ಲ... ಒಲೆಯ ಮುಂದೆ ಬಗ್ಗಿ ಗಾಳಿ ಹಾಕ್ತಿದ್ದ ಪುಟ್ಟಿಯನ್ನ. ಹೋಗಿ ಅವಳನ್ನ ಬಾಚಿ ಎತ್ತಿಕೊಂಡು ಬೀದಿಗೆ ಓಡಿದರು. ಪುಟ್ಟಿ ಬೀಸಣಿಗೆ ಬಿದ್ದೋಯ್ತು ಅಂತ ಅಳ್ತಿದ್ದಳು. ನಾನು ಆ ದರಿದ್ರವನ್ನ ವಾಪಸ್ಸು ನೀರಲ್ಲಿ ಇಟ್ಟು, ಕೆಂಡದ ಮೇಲೆ ಒಂದು ಬಿಂದಿಗೆ ನೀರು ಸುರಿದೆ. ಛೊಂಯ್ ಅಂತ ಹಿತ್ತಲೆಲ್ಲ ಹೊಗೆ.

ಭಾವ ಠಾಣೆಗೆ ಹೋಗಿ ಹೇಳಿದರು, ಮಧ್ಯಾಹ್ನ ಮಿಲಿಟರಿಯವರು ಬಂದರು. ಮರಳು ತುಂಬಿದ ಪೆಟ್ಟಿಗೆಯಲ್ಲಿಟ್ಟು ಬಯಲಿಗೆ ಒಯ್ದರು. ಗುಂಡಿ ತೋಡಿ, ದೂರ ನಿಂತು... ಧಡಮ್! ನಮ್ಮ ಬೀದಿಯ ಕಿಟಕಿಗಳೆಲ್ಲ ಗಡಗಡ ಅಂದವು. ಅವರ ದೊಡ್ಡವರು ಭಾವನಿಗೆ ಹೇಳಿದರು, "ಇದು ಗೌರವಕ್ಕೆ ಅಂತ ಹಾರಿಸೋ ಸಲಾಮಿ ತೋಪಿನದು ಸ್ವಾಮಿ. ತುದಿಯಲ್ಲಿ ಗುಂಡೇ ಇರಲ್ಲ. ಬರೀ ಸದ್ದಿಗೆ ಅಂತ ಮದ್ದು ತುಂಬಿ, ಬಾಯಿಗೆ ರಟ್ಟು ಕೂರಿಸಿ ಅರಗು ಹಚ್ಚಿರ್ತಾರೆ. ನೀವು ಮಣ್ಣು ಅಂದುಕೊಂಡದ್ದು ಆ ರಟ್ಟಿನ ಮೇಲೆ ಮೆತ್ತಿದ್ದು ಎರಡು ಬೆರಳಷ್ಟು. ಕೆಳಗೆಲ್ಲ ಮದ್ದು."

"ಆದರೆ ಕುಳಿ ಬಿದ್ದಿತ್ತಲ್ಲ..." ಅಂದರು ಭಾವ, ಮೆಲ್ಲಗೆ.

"ಬಡಿದಿದೆ ಅಂತ ಅರ್ಥ. ಹಾರಿದೆ ಅಂತ ಅಲ್ಲ."

ಆ ರಾತ್ರಿ ನಾವೆಲ್ಲ ನಡುಕೋಣೆಯಲ್ಲೇ ಮಲಗಿದೆವು, ಭಾವ, ಅಕ್ಕನೂ ಸೇರಿ. ನಿದ್ದೆ ಯಾರಿಗೆ ಬರುತ್ತೆ? ಎಲ್ಲರೂ ನಿದ್ದೆ ಬಂದ ಹಾಗೆ ಬಿದ್ದುಕೊಂಡಿದ್ದೆವು.

ಅವನು ಬಂದ.

ಣಿಂಗ್... ಟಿಣ್... ಣಿಂಗ್... ನಲವತ್ತೆರಡೂ. ತುದಿಗೆ ಬಂದು ನಿಂತ. ಅಲ್ಲಿ ಜಾಗ ಖಾಲಿ. ಹೋಗ್ತಾನೆ ಅಂದುಕೊಂಡೆ... ಹೋಗಲಿಲ್ಲ. ಪತ್... ಪತ್... ಹೆಜ್ಜೆ ನಮ್ಮ ಕಡೆಗೆ ತಿರುಗಿತು. ಭಾವನ ಹತ್ತಿರ ನಿಂತಿತು. ಮುಂದೆ ಬಂತು. ಅಕ್ಕನ ಹತ್ತಿರ ನಿಂತಿತು. ಪುಟ್ಟಿಯ ಹತ್ತಿರ. ಅತ್ತೆಯ ಮಂಚದ ಹತ್ತಿರ. ಕೊನೆಗೆ ನನ್ನ ಹತ್ತಿರ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ. ಬಾವಿಯೊಳಗಿನ ತಣ್ಣನೆ ಗಾಳಿ ಮುಖಕ್ಕೆ ಬಂತು. ನನ್ನ ಹಣೆಯ ಮೇಲೆ ಒಂದು ಬೆರಳು... ಎರಡು ಸಲ. ಮೆತ್ತಗೆ. ಆಮೇಲೆ ಅವನು ಕೇಳಿಸಿಕೊಂಡ. ಬೇರೆಯವರ ಹತ್ತಿರ ನಿಂತದ್ದಕ್ಕಿಂತ ನನ್ನ ಹತ್ತಿರ ಹೆಚ್ಚು ಹೊತ್ತು ನಿಂತ. ಎಷ್ಟೋ ಹೊತ್ತು...

ಆಮೇಲೆ ಬೀದಿ ಬಾಗಿಲ ಹತ್ತಿರ ಸೀಮೆಸುಣ್ಣ ಮರಕ್ಕೆ ಉಜ್ಜೋ ಸದ್ದು. ಕಿರ್ರ್... ಕಿರ್ರ್... ಕಿರ್ರ್. ಮುಗಿಯೋದೇ ಇಲ್ಲ ಅನ್ನಿಸಿತು. ಮುಗೀತು. ಆಮೇಲೆ ಆ ಮನೆಗೆ ಅವನು ಬರಲಿಲ್ಲ.

ಬೆಳಿಗ್ಗೆ ಬಾಗಿಲ ಹಿಂದೆ ನೋಡಿದರೆ ಒಂದು ಕಡೆ ಸಾಲಾಗಿ ಗೀಟು. ಭಾವ ಎಣಿಸಿದರು. ನಲವತ್ತೆರಡು. ಇನ್ನೊಂದು ಕಡೆ ಸೊನ್ನೆ. ಆರು.

"ಆರಾ?" ಭಾವ ಹಲಗೆಯ ಕಡೆ ತಿರುಗಿದರು. "ಇನ್ನೂ ಆರು ಇದೆಯಾ ಮನೆಯಲ್ಲಿ?" ಹಲಗೆ ಮೇಲಿನದನ್ನೆಲ್ಲ ಇಳಿಸಿ, ಗಾಜು ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ತಟ್ಟಿದರು. ಎಲ್ಲಾ ಣಿಂಗ್, ಎಲ್ಲಾ ಟಿಣ್. ಚೀಲ ಕೊಡವಿದರು. ಅಟ್ಟ ಹತ್ತಿದರು. ಎಲ್ಲೂ ಏನೂ ಇಲ್ಲ.

ಅತ್ತೆ ಮಂಚದ ಮೇಲೆ ಕೂತು ನೋಡ್ತಿದ್ದರು. "ಲೋ, ಹಿತ್ತಾಳೆ ಯಾಕೋ ಎಣಿಸ್ತೀಯ? ಜೀವ ಇರೋದಕ್ಕಲ್ಲವೇನೋ ಅವನು ಸೊನ್ನೆ ಹಾಕ್ತಿದ್ದದ್ದು? ಉಸಿರಾಡೋರನ್ನ ಎಣಿಸು."

ಎಣಿಸಿದೆವು. ಭಾವ, ಅಕ್ಕ, ಪುಟ್ಟಿ, ಅತ್ತೆ, ನಾನು. ಐದು.

"ಮತ್ತೆ ಆರನೆಯದು?" ಅಂದಳು ಅಕ್ಕ.

ನಾನು ಬಗ್ಗಿ ನೋಡಿದೆ. ಐದು ಸೊನ್ನೆ ಒಂದೇ ಅಳತೆ. ಆರನೆಯದು ಚಿಕ್ಕದು... ಸಾಸಿವೆ ಕಾಳಿಗಿಂತ ಒಂಚೂರು ದೊಡ್ಡದು. ಐದನೆಯದರ ಹೊಟ್ಟೆಯೊಳಗೆ ಬರೆದಿದ್ದ.

ನಿಮ್ಮ ತಾತ ಲಾರಿ ತಗೊಂಡು ಊರಿಗೆ ಬರೋ ಹೊತ್ತಿಗೆ ನನಗೆ ವಾಂತಿ ಶುರುವಾಗಿತ್ತು. ಏಳು ವರ್ಷದ ಮೇಲೆ. ನಿಮ್ಮಪ್ಪ.

ಇದನ್ನ ನಾನು ಇಷ್ಟು ವರ್ಷ ನಿಮ್ಮಪ್ಪನಿಗೆ ಹೇಳೇ ಇಲ್ಲ ಕಣ್ರೋ. ಗುಂಡಿನ ಮಾತು ತೆಗೆದರೇ ರೇಗ್ತಾನೆ, ಮಧ್ಯದಲ್ಲೇ ಎದ್ದು ಹೋಗ್ತಾನೆ. ಭಾವ ಇಲ್ಲ, ಅತ್ತೆ ಇಲ್ಲ, ಅಕ್ಕನೂ ಹೋದಳು. ಪುಟ್ಟಿಗೆ ಆಗ ನಾಲ್ಕೇ ವರ್ಷ, ಅವಳಿಗೆ ನೆನಪಿಲ್ಲ. ಬಾಗಿಲ ಹಿಂದಿನ ಆ ಗುರುತುಗಳ ವಿಷಯ ಅವನಿಗೆ ಹೇಳೋಕೆ ಯಾರೂ ಉಳಿದಿಲ್ಲ.

ಹೂಂ, ಸುಳ್ಳು ಅಂತೀರಿ. ಅನ್ನಿ. ಇಷ್ಟು ವಯಸ್ಸಾದ ಮೇಲೆ ಸುಳ್ಳು ಹೇಳಿ ನನಗೇನಾಗಬೇಕು? ನಡೆದದ್ದು ಇದು. ನೀವೇ ಯೋಚನೆ ಮಾಡಿ. ದಿನಾ ರಾತ್ರಿ ಮಲಗೋ ಮುಂಚೆ ನಿಮ್ಮಪ್ಪ ಬರ್ತಾನೆ. ನಿಮ್ಮ ಹಣೆ ಮೇಲೆ ಬೆರಳಲ್ಲಿ ಎರಡು ಸಲ ತಟ್ಟಿ, ಒಂದು ಗಳಿಗೆ ಸುಮ್ಮನೆ ನಿಲ್ತಾನೆ. ಆಮೇಲೆ ಹೆಬ್ಬೆರಳಲ್ಲಿ ಒಂದು ಸಣ್ಣ ಸೊನ್ನೆ ಬರೆದು ಹೋಗ್ತಾನೆ.

ಅವನಿಗೆ ಅದನ್ನ ಹೇಳಿಕೊಟ್ಟದ್ದು ನಾನಲ್ಲ.